ಕುಶಾಲನಗರಕ್ಕೆ ಬಂದ ಡೆಮರೇಜ್ ಬಿಲ್: ಕೆಮಿಕಲ್ ಟ್ಯಾಂಕರ್ ಪರಿಭಾಷೆಯ ಒಂದು ಪ್ರಕರಣ ಅಧ್ಯಯನ

ಕುಶಾಲನಗರದ ಸಮೀಪ ಬಟ್ಟೆ ಸೋಪು ತಯಾರಿಸುವ ಚಿಕ್ಕ ಘಟಕವೊಂದರ ಮಾಲೀಕರು, ರೊಬಸ್ಟಾ ಕೊಯ್ಲು ನಡೆಯುತ್ತಿದ್ದ ದಿನಗಳಲ್ಲಿ, ಒಂದು ಕಾಗದದ ಕಟ್ಟು ಹಿಡಿದು ಸುಂಟಿಕೊಪ್ಪದ ನಮ್ಮ ಮನೆಗೆ ಬಂದರು. ಕೆಮಿಕಲ್ ಟ್ಯಾಂಕರುಗಳಲ್ಲಿ ಹಲವು ವರ್ಷ ದುಡಿದು ಚೀಫ್ ಆಫೀಸರ್ ಆಗಿ ನಿವೃತ್ತನಾದ ಮೇಲೆ ತೋಟ ನೋಡಿಕೊಂಡಿರುವ ನನ್ನ ಬಳಿ ಹಡಗಿನ ಕಾಗದ ಓದಿಸಲು ಬಂದವರು ಅವರೇ ಮೊದಲಿಗರು. ಮಲೇಷ್ಯಾದಿಂದ ಪಶ್ಚಿಮ ಕರಾವಳಿಯ ಬಂದರೊಂದಕ್ಕೆ ಬಂದ, ತಾಳೆ ಎಣ್ಣೆಯ ಗಟ್ಟಿ ಭಾಗವಾದ 1,500 ಟನ್ ಪಾಮ್ ಸ್ಟಿಯರಿನ್‌ನಲ್ಲಿ 120 ಟನ್ನನ್ನು, ಅಂದರೆ ಶೇಕಡಾ 8 ಭಾಗವನ್ನು, ಅವರು ಆಮದುದಾರರಿಂದ ಕೊಂಡಿದ್ದರು. ಸರಕು ಬಂದಿತ್ತು, ಸೋಪೂ ಆಗಿತ್ತು. ಆದರೆ ಎರಡು ತಿಂಗಳ ಬಳಿಕ 1,850 ಡಾಲರಿನ ಡೆಮರೇಜ್, ಅಂದರೆ ಹಡಗನ್ನು ಕಾಯಿಸಿದ ದಂಡದ, ಪಾಲನ್ನು ಕಟ್ಟಬೇಕೆಂಬ ಪತ್ರ ಬಂದಿತ್ತು, ಜೊತೆಗೆ 0.96 ಟನ್ ಎಣ್ಣೆ ಕಡಿಮೆ ಬಂದದ್ದಕ್ಕೂ ಅವರಿಂದ ಪೂರ್ಣ ಬೆಲೆಯೇ ವಸೂಲಾಗಿತ್ತು. ಆಮದುದಾರರ, ಹಡಗಿನ ಮತ್ತು ಟರ್ಮಿನಲ್ಲಿನ ಹೆಸರುಗಳನ್ನು ಇಲ್ಲಿ ಬಿಟ್ಟಿದ್ದೇನೆ. ಈ ಪ್ರಕರಣದಲ್ಲಿ ಹಣ ಹೋದದ್ದು ಪದಗಳ ಅರ್ಥದಲ್ಲಿಯೇ ಹೊರತು ಯಾರ ಮೋಸದಲ್ಲೂ ಅಲ್ಲ ಎಂಬುದು ಕಾಗದಗಳನ್ನು ಓದಿದ ಮೇಲೆ ನನಗಾದ ಅಭಿಪ್ರಾಯ.

ಅವರು ಕೇಳಿದ ಮೊದಲ ಪ್ರಶ್ನೆ ದುಡ್ಡಿನದಾಗಿರಲಿಲ್ಲ. “ಅಣ್ಣ, ಇದು ಕೆಮಿಕಲ್ ಹಡಗಿನಲ್ಲಿ ಬಂದದ್ದಂತೆ. ಎಣ್ಣೆಗೆ ಏನಾದರೂ ಸೇರಿರಬಹುದಾ?” ಎಂದು ಅವರು ಕೇಳಿದರು. ಈ ಅನುಮಾನ ಸಹಜವೇ. ಸಸ್ಯಜನ್ಯ ಎಣ್ಣೆಗಳು ಕೆಮಿಕಲ್ ಟ್ಯಾಂಕರುಗಳಲ್ಲಿ ಬರುವುದು ಕಾನೂನಿನ ಕಾರಣಕ್ಕೆ. ಹಡಗುಗಳಿಂದ ಸಮುದ್ರ ಮಲಿನವಾಗುವುದನ್ನು ತಡೆಯುವ ಮಾರ್ಪೋಲ್ ಒಪ್ಪಂದದ ಎರಡನೆಯ ಅನುಬಂಧವು ದ್ರವರೂಪದ ಹಾನಿಕಾರಕ ಸರಕುಗಳನ್ನು ಕುರಿತದ್ದು. 2007ರ ಜನವರಿ 1ರಿಂದ ಜಾರಿಗೆ ಬಂದ ಅದರ ಪರಿಷ್ಕೃತ ರೂಪದಲ್ಲಿ ಸರಕುಗಳನ್ನು ಎಕ್ಸ್, ವೈ, ಝಡ್ ಮತ್ತು ಓಎಸ್ ಎಂದು ವಿಂಗಡಿಸಿದ್ದಾರೆ. ಎಕ್ಸ್ ಎಂದರೆ ಸಮುದ್ರಕ್ಕೆ ಬಿಡಲೇಬಾರದಷ್ಟು ಅಪಾಯಕಾರಿ, ವೈ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ತಾಳೆ ಎಣ್ಣೆ ಮತ್ತು ಅದರ ಉತ್ಪನ್ನಗಳು ವೈ ವರ್ಗಕ್ಕೆ ಸೇರಿದವು. ತಿನ್ನುವುದಕ್ಕೆ ಯೋಗ್ಯವಾದ ಎಣ್ಣೆ ಸಮುದ್ರದ ಹಕ್ಕಿಗೂ ಮೀನಿಗೂ ಯೋಗ್ಯವಲ್ಲ ಎಂಬ ಸರಳ ತರ್ಕ ಇದರ ಹಿಂದಿದೆ. ಹಡಗಿನ ಟ್ಯಾಂಕಿನಲ್ಲಿ ಹಿಂದಿನ ಮೂರು ಸಲ ಯಾವ ಸರಕು ಇತ್ತು ಎಂಬ ಪ್ರಮಾಣಪತ್ರವೂ ಕಟ್ಟಿನಲ್ಲಿತ್ತು. ಮೂರು ಸಲವೂ ತಾಳೆಯದೇ ಉತ್ಪನ್ನಗಳಿದ್ದುದರಿಂದ ಈ ವಿಷಯವನ್ನು ಅಲ್ಲಿಗೇ ಬಿಟ್ಟೆವು.

ಮುಂದಿನ ಕಾಗದ ಅಳತೆಯದು, ತೊಡಕು ಶುರುವಾದದ್ದೂ ಅಲ್ಲಿಂದಲೇ. ಸರಕು ಹಡಗಿಗೆ ಹತ್ತಿಸಿದಾಗ ಕೊಡುವ ರಸೀದಿಯಾದ ಬಿಲ್ ಆಫ್ ಲೇಡಿಂಗ್‌ನಲ್ಲಿ 1,500 ಟನ್ ಇತ್ತು, ಕೊನೆಯ ವರದಿಯಲ್ಲಿ “ಶೋರ್ ಔಟ್‌ಟರ್ನ್ 1,488 ಟನ್” ಎಂದಿತ್ತು. ಕೊಡಗಿನ ಯಾವ ಬೆಳೆಗಾರನಿಗೂ ಔಟ್‌ಟರ್ನ್ ಎಂಬ ಪದವನ್ನು ಹೇಳಿಕೊಡಬೇಕಿಲ್ಲ. 50 ಕಿಲೋ ರೊಬಸ್ಟಾ ಚೆರಿಯ ಮೂಟೆಯನ್ನು ಸಿಪ್ಪೆ ತೆಗೆದಾಗ 28 ಕಿಲೋ ಬೇಳೆ ಸಿಕ್ಕರೆ ಅದು 28 ಓಟಿ, ಅದರ ಮೇಲೆಯೇ ವ್ಯಾಪಾರ. ಈ ಮಾಲೀಕರ ಮನೆಯಲ್ಲೂ ತೋಟವಿದೆ. ಅವರ ಲೆಕ್ಕದ ಗುಮಾಸ್ತರು “ಇದು ಕಾಫಿಯ ಓಟಿ ಇದ್ದ ಹಾಗೆಯೇ, ನೂರಕ್ಕೆ 99.2 ಬಂದಿದೆ” ಎಂದು ವಿವರಿಸಿದ್ದರು. ಐವತ್ತಕ್ಕೆ ಇಪ್ಪತ್ತೆಂಟು ನೋಡಿ ಬೆಳೆದವನಿಗೆ ನೂರಕ್ಕೆ ತೊಂಬತ್ತೊಂಬತ್ತು ಚಿಲ್ಲರೆ ಬಂದರೆ ದೂರು ಕೊಡುವ ಮನಸ್ಸಾದೀತೇ? ಒಳ್ಳೆಯ ಸರಕು ಎಂದು ಸಮಾಧಾನಪಟ್ಟುಕೊಂಡು ಅವರು 120 ಟನ್ನಿಗೂ ಹಣ ಕಟ್ಟಿದ್ದರು.

ಕಾಫಿಯಲ್ಲಿ ಔಟ್‌ಟರ್ನ್ ಎಂಬುದು ಸರಕಿನ ಗುಣ. ಹಣ್ಣಿನೊಳಗೆ ಬೇಳೆ ಎಷ್ಟಿದೆ ಎಂಬುದನ್ನು ಅದು ಹೇಳುತ್ತದೆ, ಕಳೆದ ಭಾಗ ಸಿಪ್ಪೆಯಾಗಿಯೇ ಹುಟ್ಟಿದ್ದು. ಹಡಗಿನಲ್ಲಿ ಔಟ್‌ಟರ್ನ್ ಎಂಬುದು ಅಳತೆ ಮಾಡಿದ ಸ್ಥಳದ ಹೆಸರು. ಹಡಗಿನಿಂದ ಹೊರಬಂದು ದಡದ ಟ್ಯಾಂಕಿಗೆ ಮುಟ್ಟಿದ ಪ್ರಮಾಣ ಅದು, ಅದಕ್ಕೂ ಬಿಲ್ ಆಫ್ ಲೇಡಿಂಗ್‌ಗೂ ನಡುವಿನ 12 ಟನ್ ಸ್ಟಿಯರಿನ್‌ನ ಗುಣವಲ್ಲ, ಎಲ್ಲಿಯೋ ಉಳಿದ ಅಥವಾ ಅಳತೆಯಲ್ಲಿ ಕಾಣದೆ ಹೋದ ಎಣ್ಣೆ. ಖರೀದಿ ಒಪ್ಪಂದವನ್ನು ತೆಗೆಸಿ ನೋಡಿದಾಗ “ಅಂತಿಮ ಲೆಕ್ಕವು ಶೋರ್ ಔಟ್‌ಟರ್ನ್ ತೂಕದ ಮೇಲೆ” ಎಂಬ ಸಾಲು ಸ್ಪಷ್ಟವಾಗಿಯೇ ಇತ್ತು. ಅಂದಮೇಲೆ ಅವರು ಹಣ ಕೊಡಬೇಕಾದದ್ದು 119.04 ಟನ್ನಿಗೆ. ಈ ಒಂದು ವಿಷಯವನ್ನು ಪತ್ರದಲ್ಲಿ ಬರೆದು ಕಳುಹಿಸಿದ ನಾಲ್ಕು ದಿನಕ್ಕೆ ಆಮದುದಾರರು ಚಕಾರವೆತ್ತದೆ 0.96 ಟನ್ನಿನ ಬೆಲೆಯನ್ನು ಜಮಾ ಮಾಡಿದರು. ಅವರ ಕಚೇರಿಯಲ್ಲಿ ಬಿಲ್ ಮಾಡುವವರು ಮರೆತಿದ್ದರೇ ಹೊರತು ಮುಚ್ಚಿಟ್ಟಿರಲಿಲ್ಲ ಎಂದೇ ನನ್ನ ನಂಬಿಕೆ.

ಡೆಮರೇಜಿನ ವಿಷಯ ಅಷ್ಟು ಸುಲಭದ್ದಾಗಿರಲಿಲ್ಲ. ರೈಲೇ ಇಲ್ಲದ ಜಿಲ್ಲೆಯವರಾದ ನಮಗೆ ಗೂಡ್ಸ್ ಶೆಡ್ಡಿನ ಡೆಮರೇಜ್ ಕೂಡ ಹೆಚ್ಚಾಗಿ ಕೇಳಿದ ಮಾತೇ ಹೊರತು ಕಟ್ಟಿದ ದಂಡವಲ್ಲ. ಹಡಗಿನಲ್ಲಿ ಸರಕು ಹತ್ತಿಸಲು ಮತ್ತು ಇಳಿಸಲು ಬಾಡಿಗೆಗೆ ಪಡೆದವರಿಗೆ ಕೊಟ್ಟಿರುವ ಉಚಿತ ಅವಧಿಗೆ ಲೇಟೈಮ್ ಎನ್ನುತ್ತಾರೆ, ಅದು ಮುಗಿದ ಮೇಲಿನ ಪ್ರತಿ ಗಂಟೆಗೂ ಕಟ್ಟುವ ಹಣವೇ ಡೆಮರೇಜ್. ಹೆಸರಿನಲ್ಲಿ ಲೇಟ್ ಎಂದು ಕೇಳಿಸುವುದರಿಂದ ಲೇಟೈಮ್ ಎಂದರೆ ತಡವಾದ ಸಮಯ ಎಂದು ನಮ್ಮ ಮಾಲೀಕರೂ ತಿಳಿದಿದ್ದರು. ಅದು ವಾಸ್ತವವಾಗಿ ತಡವಾಗುವುದಕ್ಕೆ ಮೊದಲಿನ ಸಮಯ. ಈ ಹಡಗಿನ ಬಾಡಿಗೆ ಕರಾರಿನಲ್ಲಿ, ಅಂದರೆ ಚಾರ್ಟರ್ ಪಾರ್ಟಿಯಲ್ಲಿ, ಗಂಟೆಗೆ 150 ಟನ್ನಿನಂತೆ ಇಳಿಸಬೇಕೆಂದಿತ್ತು. 1,500 ಟನ್ನಿಗೆ ಹತ್ತು ಗಂಟೆ.

ಆ ಹತ್ತು ಗಂಟೆ ಎಂದಿನಿಂದ ಓಡುತ್ತದೆ ಎಂಬುದನ್ನು ನೋಟಿಸ್ ಆಫ್ ರೆಡಿನೆಸ್ ನಿರ್ಧರಿಸುತ್ತದೆ. “ನಾನು ಬಂದಿದ್ದೇನೆ, ಸರಕು ಇಳಿಸಲು ಸಿದ್ಧನಿದ್ದೇನೆ” ಎಂದು ಹಡಗಿನ ಮಾಸ್ಟರ್, ಅಂದರೆ ಕ್ಯಾಪ್ಟನ್, ಕೊಡುವ ಲಿಖಿತ ಸೂಚನೆ ಅದು. ಸೂಚನೆ ಕೊಟ್ಟು ಆರು ಗಂಟೆಯಾದ ಮೇಲೆ, ಅಥವಾ ಹಡಗನ್ನು ಬರ್ತಿಗೆ, ಅಂದರೆ ಸರಕು ಇಳಿಸುವ ಕಟ್ಟೆಗೆ, ಕಟ್ಟಿದ ಕೂಡಲೇ, ಯಾವುದು ಮೊದಲೋ ಆಗಿನಿಂದ ಗಡಿಯಾರ ಓಡುತ್ತದೆ ಎಂಬ ಷರತ್ತು ಇಲ್ಲಿತ್ತು. ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್ ಎಂಬ ಎರಡು ಪುಟದ ದಿನಚರಿಯನ್ನು ನಾವು ಅಡುಗೆಮನೆಯ ಮೇಜಿನ ಮೇಲೆ ಹರಡಿ, ಅದರ ಪಕ್ಕದಲ್ಲಿ ಕಾಫಿ ತೂಕದ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಬರೆಯುತ್ತಾ ಹೋದೆವು. ಬೆಳಿಗ್ಗೆ 6ಕ್ಕೆ ನೋಟಿಸ್, 10ಕ್ಕೆ ಬರ್ತು. ಹತ್ತರಿಂದಲೇ ಲೇಟೈಮ್ ಶುರು. ಅಳತೆ, ಮಾದರಿ ಪರೀಕ್ಷೆ, ಹೋಸ್ ಜೋಡಣೆ ಇವೆಲ್ಲ ಮುಗಿದು ಪಂಪ್ ಓಡಿದ್ದು ಮಧ್ಯಾಹ್ನ 3.40ಕ್ಕೆ. ರಾತ್ರಿ 8ಕ್ಕೆ ಲೇಟೈಮ್ ಮುಗಿದು ಡೆಮರೇಜ್ ಹತ್ತಿತು. 9.30ಕ್ಕೆ ಟರ್ಮಿನಲ್ಲಿನವರು ಪಂಪ್ ನಿಲ್ಲಿಸಿ ಎಂದರು. ಮತ್ತೆ ಓಡಿದ್ದು ಮರುದಿನ ಮಧ್ಯಾಹ್ನ 2.30ಕ್ಕೆ, ಹದಿನೇಳು ಗಂಟೆಗಳ ಬಳಿಕ. ಸಂಜೆ 6ಕ್ಕೆ ಇಳಿಸುವುದು ಮುಗಿಯಿತು. ಆದರೂ ಹಡಗು ಹೊರಡಲಿಲ್ಲ. ಪ್ರಿವಾಶ್ ಎಂಬ ಟ್ಯಾಂಕ್ ತೊಳೆಯುವ ಕೆಲಸ ಮುಗಿಸಿ ಹೋಸ್ ಬಿಚ್ಚಿದ್ದು ಮೂರನೆಯ ದಿನ ಬೆಳಿಗ್ಗೆ 9ಕ್ಕೆ. ಎರಡನೆಯ ದಿನ ಸಂಜೆಯವರೆಗೆ 22 ಗಂಟೆ, ಅದರ ಮೇಲೆ 15 ಗಂಟೆ, ಒಟ್ಟು 37 ಗಂಟೆ. ದಿನಕ್ಕೆ 15,000 ಡಾಲರಿನ ದರದಲ್ಲಿ ಗಂಟೆಗೆ 625, ಒಟ್ಟು 23,125 ಡಾಲರು. ಅದರ ಶೇಕಡಾ 8 ಭಾಗವೇ ನಮ್ಮವರಿಗೆ ಬಂದ 1,850. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಹಾಗಾದರೆ ಹದಿನೇಳು ಗಂಟೆ ಪಂಪ್ ನಿಂತದ್ದು ಏಕೆ? ಟರ್ಮಿನಲ್ಲಿನ ಪತ್ರದಲ್ಲಿ ಕಾರಣವಾಗಿ “ಶೋರ್ ಟ್ಯಾಂಕಿನಲ್ಲಿ ಅಲೇಜ್ ಕೊರತೆ” ಎಂದಿತ್ತು. ಗುಮಾಸ್ತರು ಇದನ್ನು “ದಡದ ಟ್ಯಾಂಕಿನಲ್ಲಿ ಎಣ್ಣೆ ಕೊರತೆ” ಎಂದು ಕನ್ನಡಕ್ಕೆ ತಂದಿದ್ದರು. ಹಡಗಿನವರೇ ಎಣ್ಣೆ ಸರಿಯಾಗಿ ಕಳುಹಿಸಲಿಲ್ಲವೆಂದೂ ಆದ್ದರಿಂದ ಎಲ್ಲರೂ ಸೇರಿ ದಂಡ ಹಂಚಿಕೊಳ್ಳಬೇಕಾಯಿತೆಂದೂ ಮಾಲೀಕರು ಅರ್ಥಮಾಡಿಕೊಂಡಿದ್ದರು. ಇಡೀ ಕಟ್ಟಿನಲ್ಲಿ ಅತ್ಯಂತ ದುಬಾರಿಯಾದ ತಪ್ಪು ಅನುವಾದ ಇದು, ಏಕೆಂದರೆ ನಿಜ ಇದರ ನೇರ ವಿರುದ್ಧ. ಅಲೇಜ್ ಎಂದರೆ ಟ್ಯಾಂಕಿನಲ್ಲಿ ಎಣ್ಣೆಯ ಮೇಲೆ ಉಳಿದಿರುವ ಖಾಲಿ ಜಾಗ. ಅಲೇಜ್ ಕೊರತೆಯೆಂದರೆ ಟ್ಯಾಂಕಿನಲ್ಲಿ ಎಣ್ಣೆ ಹೆಚ್ಚಾಗಿದೆ, ಇನ್ನು ಹಿಡಿಸುವುದಿಲ್ಲ ಎಂದು.

ಖಾಲಿ ಜಾಗಕ್ಕೆ ಇಷ್ಟು ಗೌರವದ ಹೆಸರು ಏಕೆಂದು ಅವರು ಕೇಳಿದರು. ಟ್ಯಾಂಕರಿನಲ್ಲಿ ನಾವು ಅಳೆಯುವುದೇ ಖಾಲಿ ಜಾಗವನ್ನು. ಡೆಕ್ಕಿನ ಮೇಲೆ, ಟ್ಯಾಂಕಿನ ಆವಿ ಹೊರಬರದಂತೆ ಕವಾಟವಿರುವ ಒಂದು ಕಿರಿದಾದ ಕೊಳವೆಯ ಮೂಲಕ ಅಳತೆ ಪಟ್ಟಿಯನ್ನು ಇಳಿಸುತ್ತೇವೆ. ಅದರ ತುದಿಯ ಲೋಹದ ಗುಂಡು ಎಣ್ಣೆಯನ್ನು ಮುಟ್ಟಿದ ಕ್ಷಣ ಕೀ ಎಂದು ಸದ್ದು ಬರುತ್ತದೆ, ಅಲ್ಲಿಗೆ ಪಟ್ಟಿಯ ಅಂಕಿ ಓದಿ, ಅದೇ ಗುಂಡನ್ನು ಇನ್ನೂ ಕೆಳಗಿಳಿಸಿ ಮೇಲೆ, ನಡುವೆ, ಅಡಿಯಲ್ಲಿ ಉಷ್ಣಾಂಶ ಬರೆದುಕೊಳ್ಳುತ್ತೇವೆ. ಹಡಗು ಹಿಂದಕ್ಕೋ ಪಕ್ಕಕ್ಕೋ ವಾಲಿದ್ದರೆ ಅದಕ್ಕೊಂದು ತಿದ್ದುಪಡಿ, ಆಮೇಲೆ ಟ್ಯಾಂಕಿನ ಕೋಷ್ಟಕದಿಂದ ಘನ ಅಳತೆ, ಉಷ್ಣಾಂಶಕ್ಕೆ ತಕ್ಕ ಸಾಂದ್ರತೆಯಿಂದ ತೂಕ. ಹೀಗೆ ಖಾಲಿಯಿಂದ ತುಂಬಿದ್ದನ್ನು ಲೆಕ್ಕಹಾಕುವ ಅಭ್ಯಾಸವಾದವನಿಗೆ, ತೋಟದ ನೀರಿನ ಟ್ಯಾಂಕನ್ನೂ ಮೇಲಿನಿಂದಲೇ ನೋಡಿ ಎಷ್ಟು ಖಾಲಿಯಿದೆ ಎಂದು ಹೇಳುವ ಚಾಳಿ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಇದಕ್ಕೆ ನಗುತ್ತಾರೆ.

ಆ ಶೋರ್ ಟ್ಯಾಂಕ್ ತುಂಬಿದ್ದು ಆಮದುದಾರರ ಹಿಂದಿನ ಸರಕಿನಿಂದ. ಅದನ್ನು ಕೊಂಡಿದ್ದ ಬೇರೆ ವ್ಯಾಪಾರಿಗಳು ಹೇಳಿದ ದಿನಕ್ಕೆ ಲಾರಿ ಕಳುಹಿಸಿರಲಿಲ್ಲ. ಕುಶಾಲನಗರದ ಘಟಕಕ್ಕೆ ಆ ಸರಕಿನಲ್ಲಿ ಪಾಲೇ ಇರಲಿಲ್ಲ. ಖರೀದಿ ಒಪ್ಪಂದದ ಡೆಮರೇಜ್ ಷರತ್ತು “ಖರೀದಿದಾರರ ಕಡೆಯ ವಿಳಂಬವನ್ನು ಸೇರಿಸಿ, ಇಳಿಸುವಿಕೆಯ ಸಹಜ ಕಾರಣಗಳಿಂದಾದ ಡೆಮರೇಜನ್ನು ಪಾಲಿಗನುಗುಣವಾಗಿ ಹಂಚತಕ್ಕದ್ದು” ಎಂದಿತ್ತು. ಒಬ್ಬರ ಹಳೆಯ ಸರಕು ಟ್ಯಾಂಕು ಕಟ್ಟಿಕೊಂಡಿರುವುದನ್ನು ಹೊಸ ಸರಕಿನ ಸಹಜ ಕಾರಣವೆಂದು ನಾನು ಒಪ್ಪಲಾರೆ.

ಇನ್ನು ಉಳಿದ 15 ಗಂಟೆಯ ಪ್ರಿವಾಶ್. ಇದರಲ್ಲಿ ನಾನೇ ಮೊದಲು ಎಡವಿದೆ. ಪ್ರಿವಾಶ್ ಎಂದರೆ ಸರಕು ಇಳಿಸಿದ ಬಂದರಿನಲ್ಲಿಯೇ, ಹಡಗು ಹೊರಡುವ ಮುನ್ನ, ಟ್ಯಾಂಕನ್ನು ತೊಳೆದು ಆ ತೊಳೆದ ನೀರನ್ನು ದಡಕ್ಕೆ ಒಪ್ಪಿಸುವುದು. ಎಕ್ಸ್ ವರ್ಗದ ಸರಕಿಗೆ ಇದು ಕಡ್ಡಾಯ. ವೈ ವರ್ಗದಲ್ಲಿ, ನಮ್ಮ ಕಡೆಯ ಬಂದರುಗಳಲ್ಲಿ, ಇಳಿಸುವಾಗ ಸರಕು ತೀರಾ ಮಂದವಾಗಿದ್ದರೆ ಅಥವಾ ಹೆಪ್ಪುಗಟ್ಟುವ ಸ್ಥಿತಿಗೆ ಬಂದಿದ್ದರೆ ಮಾತ್ರ. ಹೆಪ್ಪುಗಟ್ಟುವ ಸರಕು ಎಂಬುದಕ್ಕೂ ಖಚಿತವಾದ ಅರ್ಥವಿದೆ. ಕರಗುವ ಬಿಂದು 15 ಡಿಗ್ರಿ ಅಥವಾ ಅದಕ್ಕಿಂತ ಮೇಲಿರುವ ಸರಕನ್ನು, ಆ ಬಿಂದುವಿಗಿಂತ 10 ಡಿಗ್ರಿಯಷ್ಟೂ ಹೆಚ್ಚು ಬಿಸಿಯಿಲ್ಲದೆ ಇಳಿಸಿದರೆ ಅದು ಕಾನೂನಿನ ಕಣ್ಣಿಗೆ ಹೆಪ್ಪುಗಟ್ಟುವ ಸರಕು, ಕಣ್ಣಿಗೆ ಎಷ್ಟೇ ನೀರಾಗಿ ಕಂಡರೂ ಸರಿ. ಈ ಸ್ಟಿಯರಿನ್‌ನ ಕರಗುವ ಬಿಂದು ಸಾಗಣೆ ಪತ್ರದಲ್ಲಿ 48 ಡಿಗ್ರಿ ಎಂದಿತ್ತು. ಆದ್ದರಿಂದ 58 ಡಿಗ್ರಿ ಇಲ್ಲಿ ಗೆರೆ.

ಸರಕು ಎರಡು ಟ್ಯಾಂಕುಗಳಲ್ಲಿತ್ತು, ಎಡಗಡೆಯ ನಾಲ್ಕನೆಯದು ಮತ್ತು ಬಲಗಡೆಯ ನಾಲ್ಕನೆಯದು, ತಲಾ 750 ಟನ್. ಇಳಿಸುವ ಕೊನೆಯಲ್ಲಿ ಬಲಗಡೆಯದು 63 ಡಿಗ್ರಿ, ಎಡಗಡೆಯದು 54. ಒಂದೇ ಎಣ್ಣೆ, ಒಂದೇ ಹಡಗು, ಒಂದೇ ದಿನ, ಆದರೂ ಒಂದು ಟ್ಯಾಂಕಿಗೆ ಪ್ರಿವಾಶ್ ಬೇಕಿಲ್ಲ, ಇನ್ನೊಂದಕ್ಕೆ ಕಡ್ಡಾಯ. 54ನ್ನು ಕಂಡ ಕೂಡಲೇ ಹಡಗಿನವರು ಸರಿಯಾಗಿ ಬಿಸಿ ಮಾಡಿಲ್ಲವೆಂದು ತೀರ್ಮಾನಿಸಿ, ಪ್ರಿವಾಶ್‌ನ ಸಮಯ ಹಡಗಿನ ಲೆಕ್ಕಕ್ಕೆ ಹೋಗಬೇಕೆಂದು ಆಮದುದಾರರಿಗೆ ಪತ್ರ ಬರೆಸಿದೆ. ಅವರು ಮರುಟಪಾಲಿಗೆ ಹಡಗಿನ ಹೀಟಿಂಗ್ ಲಾಗ್ ಕಳುಹಿಸಿದರು. ಪಯಣದುದ್ದಕ್ಕೂ 40ರಿಂದ 45 ಡಿಗ್ರಿಯ ನಡುವೆ ಇಟ್ಟು, ಕೊನೆಯ ದಿನಗಳಲ್ಲಿ ದಿನಕ್ಕೆ 5 ಡಿಗ್ರಿ ಮೀರದಂತೆ ಏರಿಸುತ್ತಾ, ಬಂದರಿಗೆ ಬಂದಾಗ ಎರಡೂ ಟ್ಯಾಂಕುಗಳನ್ನು 64ರ ಸುತ್ತ ತಂದಿದ್ದರು. ಎಣ್ಣೆಗಳ ವ್ಯಾಪಾರದಲ್ಲಿ ಒಪ್ಪಿತವಾದ ಕ್ರಮವೇ ಅದು. ನಾನು ಪತ್ರವನ್ನು ಹಿಂತೆಗೆಸಿಕೊಳ್ಳಬೇಕಾಯಿತು, ಹಿಂತೆಗೆಸುವಾಗ ಸ್ವಲ್ಪ ನಾಚಿಕೆಯೂ ಆಯಿತು.

ಹಾಗಾದರೆ ಎಡಗಡೆಯ ಟ್ಯಾಂಕ್ ಮಾತ್ರ ತಣ್ಣಗಾದದ್ದು ಹೇಗೆ? ಉತ್ತರ ಮತ್ತೆ ಆ ಹದಿನೇಳು ಗಂಟೆಯಲ್ಲಿಯೇ ಇತ್ತು. ರಾತ್ರಿ 9.30ಕ್ಕೆ ಪಂಪ್ ನಿಂತಾಗ ಎಡಗಡೆಯ ಟ್ಯಾಂಕಿನಲ್ಲಿ 40 ಟನ್ ಮಾತ್ರ ಉಳಿದಿತ್ತು, ಬಲಗಡೆಯದರಲ್ಲಿ 500 ಟನ್ನಿನಷ್ಟು. ಬಿಸಿ ಮಾಡುವ ಹೀಟಿಂಗ್ ಕಾಯಿಲುಗಳು ಟ್ಯಾಂಕಿನ ತಳದಲ್ಲಿರುತ್ತವೆ. ಎಣ್ಣೆಯ ಮಟ್ಟ ಅವುಗಳಿಗಿಂತ ಕೆಳಗಿಳಿದರೆ ಅವುಗಳೊಳಗೆ ಹರಿಯುವ ಬಿಸಿ ಆವಿಯನ್ನು ನಿಲ್ಲಿಸಲೇಬೇಕು, ಇಲ್ಲವಾದರೆ ಕಾಯಿಲಿಗೆ ಅಂಟಿದ ಎಣ್ಣೆ ಸುಟ್ಟು ಬಣ್ಣಗೆಡುತ್ತದೆ. ನಿಲ್ಲಿಸಿದರೆ ಉಳಿದದ್ದು ತಣಿಯುತ್ತದೆ. ಮಡಿಕೇರಿಯ ಡಿಸೆಂಬರಿನಲ್ಲಿ ತೆಂಗಿನೆಣ್ಣೆಯ ಬಾಟಲಿಯನ್ನು ನೋಡಿದವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ಮೊದಲು ಬಿಳಿಯಾಗುವುದು ಗಾಜಿನ ಅಂಚು, ನಡುವಿನದು ಇನ್ನೂ ತೆಳ್ಳಗಿರುತ್ತದೆ, ತುಂಬಿದ ಬಾಟಲಿಗಿಂತ ತಳದಲ್ಲಿ ನಾಲ್ಕು ಚಮಚ ಉಳಿದ ಬಾಟಲಿ ಬೇಗ ಹೆಪ್ಪಾಗುತ್ತದೆ. ಹಡಗಿನ ಉಕ್ಕಿನ ಗೋಡೆಯೇ ಇಲ್ಲಿ ಗಾಜು. ಪಂಪಿನ ಗುಳಿಯ ಸುತ್ತ, ಗೋಡೆಯ ಬುಡದಲ್ಲಿ ಅಂಟಿದ ಸ್ಟಿಯರಿನ್ ಕೊನೆಗೂ ಮೇಲೇಳಲಿಲ್ಲ. ಸರಕಿನ ಅಳತೆ ನೋಡುವ ಸರ್ವೇಯರು ಬರೆದ ಆರ್‌ಒಬಿ, ಅಂದರೆ ಹಡಗಿನಲ್ಲಿಯೇ ಉಳಿದ ಪ್ರಮಾಣ, 7.5 ಟನ್.

2007ರಿಂದೀಚೆಗೆ ಕಟ್ಟಿದ ಕೆಮಿಕಲ್ ಟ್ಯಾಂಕರಿನಲ್ಲಿ ಇಳಿಸಿದ ಮೇಲೆ ಒಂದು ಟ್ಯಾಂಕ್ ಮತ್ತು ಅದರ ಕೊಳವೆಗಳಲ್ಲಿ 75 ಲೀಟರಿಗಿಂತ ಹೆಚ್ಚು ಉಳಿಯದಷ್ಟು ಹೀರಿ ತೆಗೆಯುವ ಸಾಮರ್ಥ್ಯ ಪಂಪಿಗಿರಬೇಕು. ಈ ಕೊನೆಯ ಹೀರುವಿಕೆಗೆ ಸ್ಟ್ರಿಪಿಂಗ್ ಎನ್ನುತ್ತಾರೆ. ಎಪ್ಪತ್ತೈದು ಲೀಟರು ಎಲ್ಲಿ, ಏಳೂವರೆ ಟನ್ ಎಲ್ಲಿ ಎಂದು ಮಾಲೀಕರು ಸಿಟ್ಟಿಗೆದ್ದರು. ಆ ಸಾಮರ್ಥ್ಯವನ್ನು ಪರೀಕ್ಷಿಸುವುದು ನೀರಿನಿಂದ, ಹೆಪ್ಪುಗಟ್ಟಿದ ಕೊಬ್ಬಿನಿಂದಲ್ಲ. ಒಟ್ಟು 12 ಟನ್ ಕೊರತೆಯಲ್ಲಿ ಈ 7.5 ಟನ್ನನ್ನು ಕಳೆದರೆ ಉಳಿಯುವ 4.5 ಟನ್ ಶೇಕಡಾ 0.3 ಮಾತ್ರ. ಹಡಗಿನ ಅಳತೆಗೂ ದಡದ ಅಳತೆಗೂ ನಡುವೆ ಅಷ್ಟು ವ್ಯತ್ಯಾಸ ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ತೂಕದ ಕೊರತೆ ಮತ್ತು ಸಮಯದ ದಂಡ ಎಂಬ ಎರಡು ಬೇರೆ ಬೇರೆ ಪತ್ರಗಳಲ್ಲಿ ಬಂದ ದೂರುಗಳು ಹೀಗೆ ಒಂದೇ ರಾತ್ರಿಯಲ್ಲಿ ಒಂದೇ ಟ್ಯಾಂಕಿನ ತಳದಲ್ಲಿ ಹುಟ್ಟಿದ್ದವು.

ಇದಕ್ಕೆ ದಾಖಲೆ ಕಾರ್ಗೋ ರೆಕಾರ್ಡ್ ಬುಕ್‌ನಲ್ಲಿ ಸಿಕ್ಕಿತು. ಟ್ಯಾಂಕಿಗೆ ಸರಕು ಬಂದದ್ದು, ಹೋದದ್ದು, ತೊಳೆದದ್ದು, ತೊಳೆದ ನೀರನ್ನು ಯಾರಿಗೆ ಕೊಟ್ಟದ್ದು ಎಲ್ಲವನ್ನೂ ಗಂಟೆ ಸಮೇತ ಬರೆದು ಅಧಿಕಾರಿ ಸಹಿ ಮಾಡುವ ಪುಸ್ತಕವದು, ಪ್ರಿವಾಶ್ ಆದಾಗ ಬಂದರಿನ ಕಡೆಯ ಸರ್ವೇಯರೂ ಅದರಲ್ಲಿ ದೃಢೀಕರಿಸುತ್ತಾರೆ. ಪಂಪ್ ನಿಲ್ಲಿಸುವಂತೆ ಟರ್ಮಿನಲ್ ಹೇಳಿದ ರಾತ್ರಿಯೇ ಮಾಸ್ಟರ್ ಕೊಟ್ಟ ಲೆಟರ್ ಆಫ್ ಪ್ರೊಟೆಸ್ಟ್, ಅಂದರೆ ಆಕ್ಷೇಪಣೆಯ ಪತ್ರ, ಕೂಡ ಕಟ್ಟಿನಲ್ಲಿತ್ತು. “ದಡದ ಸೂಚನೆಯಂತೆ ನಿಲ್ಲಿಸಿದ್ದೇವೆ, ಎಡಗಡೆಯ ಟ್ಯಾಂಕಿನ ಉಳಿಕೆ ತಣ್ಣಗಾಗುವ ಸಂಭವವಿದೆ, ಅದರ ಪರಿಣಾಮಕ್ಕೆ ಹಡಗು ಹೊಣೆಯಲ್ಲ” ಎಂಬ ಸಾರಾಂಶದ ಅರ್ಧ ಪುಟ. ಗುಮಾಸ್ತರು ಪ್ರೊಟೆಸ್ಟ್ ಎಂಬ ಪದವನ್ನು ಕಂಡು ಹಡಗಿನಲ್ಲಿ ನೌಕರರ ಮುಷ್ಕರವಾಗಿದೆಯೆಂದು ತಿಳಿದು ಆ ಹಾಳೆಯನ್ನು ಕಟ್ಟಿನ ಕೊನೆಗೆ ಸೇರಿಸಿದ್ದರು. ನನಗೆ ಮೊದಲೇ ಅದು ಕಂಡಿದ್ದರೆ ಹೀಟಿಂಗಿನ ಕುರಿತ ಆ ಪತ್ರವನ್ನು ಬರೆಸುತ್ತಿರಲಿಲ್ಲ.

ಇಷ್ಟಾದ ಮೇಲೆ ಲೆಕ್ಕವನ್ನು ಬಿಡಿಸಿ ಬರೆದೆವು. ಪಂಪ್ ನಿಜವಾಗಿ ಓಡಿದ್ದು ರಾತ್ರಿಗೆ ಮುಂಚೆ 5 ಗಂಟೆ 50 ನಿಮಿಷ, ಮರುದಿನ ಮೂರೂವರೆ ಗಂಟೆ, ಒಟ್ಟು 9 ಗಂಟೆ 20 ನಿಮಿಷ. ನಡುವೆ ನಿಲ್ಲದೇ ಇದ್ದಿದ್ದರೆ ಆ ರಾತ್ರಿ 1 ಗಂಟೆಗೆ ಕೆಲಸ ಮುಗಿಯುತ್ತಿತ್ತು, ಎಂಟರಿಂದ ಒಂದರವರೆಗೆ ಐದು ಗಂಟೆಯ ಡೆಮರೇಜ್ ಆಗಲೂ ಬೀಳುತ್ತಿತ್ತು. ಇದು ಎಲ್ಲ ಖರೀದಿದಾರರೂ ಹಂಚಿಕೊಳ್ಳಬೇಕಾದ ಸಹಜ ಭಾಗ: 3,125 ಡಾಲರು, ನಮ್ಮವರ ಪಾಲು 250. ಉಳಿದ 32 ಗಂಟೆಯೂ ಅಲೇಜ್ ಕೊರತೆಯ ಸಂತಾನ, ಹದಿನೇಳು ನೇರವಾಗಿ, ಹದಿನೈದು ಪ್ರಿವಾಶ್‌ನ ಮೂಲಕ.

ಆಮದುದಾರರು ಹದಿನೇಳನ್ನು ಒಪ್ಪಿದರು, ಹದಿನೈದನ್ನು ಪೂರ್ತಿ ಒಪ್ಪಲಿಲ್ಲ. ತೊಳೆದ ನೀರನ್ನು ಒಯ್ಯುವ ಟ್ಯಾಂಕರ್ ಲಾರಿಗಳಿಗಾಗಿ ಕಾದ ಸಮಯ ಅದರಲ್ಲಿದೆ, ಅದು ತಮ್ಮ ಕೈಯಲ್ಲಿರಲಿಲ್ಲ ಎಂಬುದು ಅವರ ವಾದ. ಲಾರಿಗಳನ್ನು ಕರೆಯುವ ಪ್ರಮೇಯವೇ ಏಕೆ ಬಂತು ಎಂಬುದು ನನ್ನ ಪ್ರತಿವಾದವಾಗಿತ್ತು. ಮೂರು ವಾರ ಪತ್ರಗಳು ಓಡಾಡಿ, 450 ಡಾಲರಿಗೆ ಸರಿಸಮಾನವಾದ ಹಣಕ್ಕೆ ಮಾತು ಮುಗಿಯಿತು. ನನ್ನ ಲೆಕ್ಕದಲ್ಲಿ ಇದು 200 ಹೆಚ್ಚು. ಆದರೆ ಮುಂದಿನ ಸರಕೂ ಅವರಿಂದಲೇ ಬರಬೇಕಿದ್ದುದರಿಂದ ಮಾಲೀಕರು ಎಳೆದಾಡಲಿಲ್ಲ, ಆ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆನೇನೋ. ಹೊಸ ಒಪ್ಪಂದದಲ್ಲಿ ಎರಡು ಸಾಲು ಸೇರಿದವು. ಹಡಗು ಬರುವ ಮುನ್ನ ಶೋರ್ ಟ್ಯಾಂಕಿನಲ್ಲಿ ಸಾಕಷ್ಟು ಖಾಲಿ ಜಾಗ ಇಡುವ ಹೊಣೆ ಆಮದುದಾರರದು, ಆ ಕಾರಣದಿಂದ ಬಂದ ಡೆಮರೇಜ್ ಹಾಗೂ ಪ್ರಿವಾಶ್‌ನ ವೆಚ್ಚವನ್ನು ಖರೀದಿದಾರರಿಗೆ ಹಂಚತಕ್ಕದ್ದಲ್ಲ.

ಕಾಗದಗಳನ್ನು ಮತ್ತೆ ಕಟ್ಟುವಾಗ ಮಾಲೀಕರನ್ನು ಕಾಡುತ್ತಿದ್ದುದು ಆ ಏಳೂವರೆ ಟನ್. ಸೋಪು ಮಾಡುವವರಿಗೆ ಹೆಪ್ಪುಗಟ್ಟಿದ ಸ್ಟಿಯರಿನ್ ಎಂದರೆ ಕಸವಲ್ಲ. “ಅದು ಎಲ್ಲಿಗೆ ಹೋಯಿತು ಅಣ್ಣ?” ಎಂದು ಕೇಳಿದರು. ಬಿಸಿನೀರಿನಲ್ಲಿ ಕಲಸಿ ಲಾರಿ ಹತ್ತಿ ತ್ಯಾಜ್ಯ ಸ್ವೀಕರಿಸುವವರ ಅಂಗಳಕ್ಕೆ ಹೋಯಿತು ಎಂದೆ. “ಅವರ ಫೋನ್ ನಂಬರ್ ಈ ಪುಸ್ತಕದಲ್ಲಿ ಇರುತ್ತದಾ?” ಎಂದು ಅವರು ಕಾರ್ಗೋ ರೆಕಾರ್ಡ್ ಬುಕ್‌ನ ಪ್ರತಿಯನ್ನು ಮತ್ತೆ ಬಿಡಿಸಿದರು.